ಹೊಗೆಸೊಪ್ಪಿನ ನೆಂಟರು



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಹೊಗೆಸೊಪ್ಪನ್ನು ಪರಿಚಯಿಸಬೇಕಾಗಿಲ್ಲ. ಆದರೆ ಅದರ ಹೂವನ್ನು ಸಾವಧಾನವಾಗಿ ನೋಡಿದವರು ವಿರಳ. ಸತ್ವವೆಲ್ಲ ಎಲೆಗೆ ಇಳಿಯಲೆಂದು ಮೊಗ್ಗು ಮೂಡುತ್ತಿದ್ದಂತೆಯೇ ಕುಡಿ ಮುರಿಯುವುದು ರೂಢಿ. ಸಸ್ಯಶಾಸ್ತ್ರಜ್ಞರು ಗಿಡದ ನೆಂಟಸ್ತಿಕೆಯನ್ನು ಮೊದಲು ಹುಡುಕಿದ್ದು ಆ ಹೂವಿನಲ್ಲಿಯೇ.

ಮೆಂತ್ಯದ ಸೊಪ್ಪು, ದಂಟಿನ ಸೊಪ್ಪು, ಹೊಗೆಸೊಪ್ಪು: ಎಲೆಯೇ ಉಪಯೋಗಕ್ಕೆ ಬರುವುದರಿಂದ ಜನರ ಮಾತಿನಲ್ಲಿ ಮೂರೂ ಸೊಪ್ಪುಗಳೇ. ಮಾರುಕಟ್ಟೆಗೆ ಈ ವಿಂಗಡಣೆ ಸಾಕು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಇದಕ್ಕೆ 'ನಿಕೋಟಿಯಾನ ಟಬಾಕಮ್' ಎಂಬ ಜೋಡಿ ಹೆಸರನ್ನಿತ್ತನು. ಮೊದಲ ಪದ ಕುಲವನ್ನು ಹೇಳುತ್ತದೆ. ಎರಡೂ ಪದಗಳು ಕೂಡಿ ಪ್ರಭೇದವನ್ನು ಗುರುತಿಸುತ್ತವೆ. ಪೋರ್ಚುಗಲ್ಲಿನಲ್ಲಿ ಫ್ರೆಂಚ್ ರಾಯಭಾರಿಯಾಗಿದ್ದ ಜಾನ್ ನಿಕೋನ ನೆನಪು ಕುಲನಾಮದಲ್ಲಿದೆ. ಐದು ಕೇಸರ, ಒಂದು ಶಲಾಕೆ ಎಂಬ ಎಣಿಕೆಯಂತೆ ಲಿನೇಯಸ್ ಬದನೆ, ಮೆಣಸಿನಕಾಯಿಗಳೊಡನೆ ಕಾಫಿಯನ್ನೂ ಇದೇ ಗುಂಪಿನಲ್ಲಿರಿಸಿದ್ದನು. ಹಲವು ಲಕ್ಷಣಗಳನ್ನು ಒಟ್ಟಾಗಿ ನೋಡುವ ಪದ್ಧತಿ ಬಂದ ಮೇಲೆ ಕಾಫಿ ಬೇರ್ಪಟ್ಟಿತು. ಹೊಗೆಸೊಪ್ಪು, ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗೆಡ್ಡೆಗಳು ಸೊಲನೇಸಿ ಎಂಬ ಒಂದೇ ಕುಟುಂಬದಲ್ಲಿ ಉಳಿದವು. ಡಿ.ಎನ್.ಎ. ಅಧ್ಯಯನಗಳೂ ಈ ನೆಂಟಸ್ತಿಕೆಯನ್ನು ದೃಢಪಡಿಸಿವೆ.

ಇದು ಪುಸ್ತಕದಲ್ಲಷ್ಟೇ ಉಳಿಯುವ ನೆಂಟಸ್ತಿಕೆಯಲ್ಲ. ಹೊಗೆಸೊಪ್ಪಿನ ಎಲೆಯಲ್ಲಿ ಮಚ್ಚೆ ಮೂಡಿಸುವ ಮೊಸಾಯಿಕ್ ವೈರಸ್ ಟೊಮ್ಯಾಟೊ, ಮೆಣಸಿನಕಾಯಿಗಳಿಗೂ ತಗಲುತ್ತದೆ. ರೋಗದ ಗಿಡ ಮುಟ್ಟಿದ ಕೈಯೇ ಅದನ್ನು ಹೊತ್ತೊಯ್ಯುತ್ತದೆ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಟೊಮ್ಯಾಟೊ, ಬದನೆಗಳನ್ನೂ ಬಿಡುವುದಿಲ್ಲ. ಹುಳು ತುಂಬಿದ ಹೊಲದಲ್ಲಿ ಹೊಗೆಸೊಪ್ಪು ಬಿಟ್ಟು ಟೊಮ್ಯಾಟೊ ನೆಟ್ಟ ರೈತ ಬೆಳೆಯನ್ನು ಬದಲಿಸಿದನೇ ಹೊರತು ಕುಟುಂಬವನ್ನಲ್ಲ. ಹುಲ್ಲಿನ ಕುಟುಂಬದ ರಾಗಿಯನ್ನು ಸರದಿಯಲ್ಲಿ ಬೆಳೆದರೆ ಹುಳುವಿನ ಬಾಧೆ ತಗ್ಗುತ್ತದೆ.

ಕುಟುಂಬದ ಹೆಸರು ಮುನ್ಸೂಚನೆಯೇ ಹೊರತು ಕೊನೆಯ ತೀರ್ಪಲ್ಲ. ಅಲಸಂದೆ ಬೇರೆ ಕುಟುಂಬದ್ದಾದರೂ ಈ ಹುಳುವಿಗೆ ತುತ್ತಾಗಬಲ್ಲದು. ಸುಂಡೆ ಬದನೆಯ ಕುಲದ್ದೇ ಆದರೂ ಅದನ್ನು ತಡೆದುಕೊಳ್ಳಬಲ್ಲದು. ಆದ್ದರಿಂದಲೇ ಸುಂಡೆಯ ಬೇರಿನ ಮೇಲೆ ಬದನೆ, ಟೊಮ್ಯಾಟೊಗಳನ್ನು ಕಸಿ ಕಟ್ಟುವುದುಂಟು.

ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿ ಸೌದೆ ಉರಿಯುತ್ತದೆ. ಈ ಬೆಳೆ ಕಡಿಮೆಯಾದರೆ ಮರಗಳು ಉಳಿಯುತ್ತವೆ ಎಂಬ ಮಾತು ನಿಜ. ಆದರೆ ಬದಲಿ ಬೆಳೆ ಕೈಕೊಟ್ಟರೆ ಸಾಲ ಹೊತ್ತ ರೈತ ಮತ್ತೆ ಬ್ಯಾರನ್ನಿಗೇ ಮರಳುತ್ತಾನೆ. ಆದ್ದರಿಂದ ಬದಲಿ ಬೆಳೆಯನ್ನು ಸೂಚಿಸುವವರು ಬೆಲೆಯ ಜೊತೆಗೆ ಅದರ ಕುಟುಂಬವನ್ನೂ ಕೇಳಿ ತಿಳಿಯಬೇಕು.

ಮುಂದಿನ ಬೆಳೆಯಲ್ಲಿ ಒಂದು ಗಿಡದ ಕುಡಿಯನ್ನು ಮುರಿಯದೆ ಬಿಡಿರಿ. ಅದರ ಹೂವನ್ನು ಬೇಲಿಯ ಸುಂಡೆಯ ಹೂವಿನ ಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿರಿ. ಆಕಾರ, ಬಣ್ಣ ಬೇರೆಯಾದರೂ ಎರಡರಲ್ಲಿಯೂ ಬುಡದಲ್ಲಿ ಕೂಡಿದ ಐದು ಎಸಳು, ಐದು ಕೇಸರಗಳನ್ನು ಅವರೇ ಎಣಿಸಿ ಹೇಳುವರು.