ಊರು ಬಿಟ್ಟು ಓದಲು ಹೋಗುವ ಮಕ್ಕಳ ಊಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಹಾಗಾಗಿ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಲಿ ಎಂದು ಸಮಿತಿಯವರು ಕರೆದರು. ನಾನು ಊಟದ ಬಗ್ಗೆ ಮಾತಾಡುತ್ತೇನೆ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, "ಅಡುಗೆ ವಿಷಯನಾ?" ಅಂತ ಕೇಳಿದರು. ಹೌದು, ಅಡುಗೆ ವಿಷಯವೇ. ಕಂಪ್ಯೂಟರನ್ನು ಈ ಮಕ್ಕಳು ನನಗಿಂತ ಚೆನ್ನಾಗಿ ತಾವೇ ಕಲಿತುಕೊಳ್ಳುತ್ತಾರೆ.

ಇಲ್ಲಿ ಕೂತಿರುವ ಹತ್ತನೇ ತರಗತಿಯ ಮಕ್ಕಳಲ್ಲಿ ಬಹಳಷ್ಟು ಜನ ಬರುವ ಜೂನ್ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ಕೆಲವರು ತಾಲ್ಲೂಕು ಕೇಂದ್ರಕ್ಕೆ ಪಿಯುಸಿಗೆ, ಕೆಲವರು ತುಮಕೂರಿಗೆ ಡಿಪ್ಲೊಮಾಕ್ಕೆ, ಐಟಿಐಗೆ ಹೋಗುತ್ತಾರೆ. ಸಿದ್ಧಗಂಗಾ ಮಠದಲ್ಲಿ ಸೀಟು ಸಿಕ್ಕಿದವರಿಗೆ ಊಟದ ಚಿಂತೆಯಿಲ್ಲ. ಬಿಸಿಎಂ ಹಾಸ್ಟೆಲ್ ಸಿಕ್ಕಿದವರಿಗೂ ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರುತ್ತದೆ, ರುಚಿಯ ಮಾತು ಬೇರೆ. ಉಳಿದವರು ಮೂರು ನಾಲ್ಕು ಜನ ಸೇರಿ ಒಂದು ರೂಮು ಹಿಡಿಯುತ್ತಾರೆ. ಮನೆಯವರು ಹಾಸಿಗೆ, ಬಕೆಟ್ಟು, ಹೊಸ ಬ್ಯಾಗು, ಈಗ ಮೊಬೈಲು, ಎಲ್ಲ ಕೊಡಿಸಿ ಬಸ್ಸು ಹತ್ತಿಸುತ್ತಾರೆ. ಒಬ್ಬನೇ ಇದ್ದಾಗ ಹೊಟ್ಟೆಗೆ ಏನು ಮಾಡಿಕೊಳ್ಳಬೇಕು ಅನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹುಡುಗರಿಗಂತೂ ಇಲ್ಲವೇ ಇಲ್ಲ.

ನಾನು ಪಿಯುಸಿ ಓದುವಾಗ ನಾವು ಮೂವರು ಒಂದು ಶೀಟಿನ ಮನೆಯಲ್ಲಿದ್ದೆವು. ನಮ್ಮಲ್ಲೊಬ್ಬ ಪಕ್ಕದ ಹಳ್ಳಿಯವನು, ಲೆಕ್ಕದಲ್ಲಿ ನಮ್ಮಿಬ್ಬರಿಗಿಂತ ಎಷ್ಟೋ ಮುಂದೆ. ಬೆಳಗ್ಗೆ ನಾವು ತಿಂಡಿಗೆ ಕೂತರೆ ಅವನು "ಹಸಿವಿಲ್ಲ ಕಣ್ರೋ" ಅನ್ನುತ್ತಿದ್ದ. ಕಾಲೇಜಿನ ಹತ್ತಿರ ಒಂದು ಟೀ, ಒಂದು ಬನ್ನು. ರಾತ್ರಿ ಅನ್ನಕ್ಕೆ ಉಪ್ಪಿನಕಾಯಿ. ಮನೆಯಿಂದ ಬಂದ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ತಂಗಿಯ ಪುಸ್ತಕಕ್ಕೆ ಅಂತ ವಾಪಸ್ಸು ಕಳಿಸುತ್ತಿದ್ದ ಅನ್ನುವುದು ನಮಗೆ ಬಹಳ ತಡವಾಗಿ ತಿಳಿಯಿತು. ಎರಡನೇ ವರ್ಷ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬ್ಯುರೆಟ್ ಹಿಡಿದುಕೊಂಡೇ ಕುಸಿದು ಬಿದ್ದ. ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ನಾಡಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿನ್ನೆಯಿಂದ ಏನು ತಿಂದಿದ್ದೀಯಪ್ಪ?" ಅವನು ತಲೆ ಬಗ್ಗಿಸಿದ. ನಾವಿಬ್ಬರೂ ತಲೆ ಬಗ್ಗಿಸಿದೆವು. ಕಾಯಿಲೆ ಏನೂ ಇರಲಿಲ್ಲ.

ರೂಮಿನ ಬಾಡಿಗೆಯನ್ನು ಮಾಲೀಕರು ಕೇಳುತ್ತಾರೆ, ಫೀಸನ್ನು ಕಾಲೇಜಿನವರು ಕೇಳುತ್ತಾರೆ, ಬಸ್ಸಿನಲ್ಲಿ ಕಂಡಕ್ಟರ್ ಕೇಳುತ್ತಾನೆ. ಹೊಟ್ಟೆಗೆ ಮಾತ್ರ "ನಾಳೆ ನೋಡೋಣ" ಅನ್ನಬಹುದು. ಅದಕ್ಕೇ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಊಟಕ್ಕೆ. ತಿಂಡಿ ಬಿಡುವುದು ಉಳಿತಾಯ ಅಂತ ಮಕ್ಕಳು ತಿಳಿಯುತ್ತಾರೆ. ಅದರ ಬೆಲೆಯನ್ನು ಓದಿನಲ್ಲಿ ಕೊಡುತ್ತಿರುತ್ತಾರೆ. ಹನ್ನೊಂದು ಗಂಟೆಯ ಪಾಠ ತಲೆಗೆ ಹೋಗುವುದಿಲ್ಲ, ಸಂಜೆ ಪುಸ್ತಕ ಹಿಡಿದರೆ ತೂಕಡಿಕೆ. ಆಗ "ನನಗೆ ಸೈನ್ಸ್ ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹಾಗೆ ಕಾಲೇಜು ಬಿಟ್ಟು ಊರಿಗೆ ವಾಪಸ್ಸು ಬಂದವರು ನಮ್ಮ ಸುತ್ತಮುತ್ತ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಕಷ್ಟವಾಗಿದ್ದು ಸೈನ್ಸ್ ಆಗಿರಲಾರದು ಎಂದು ನನಗನ್ನಿಸುತ್ತದೆ.

ನಾವು 2004ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ, ಬುತ್ತಿ ತರುತ್ತಿದ್ದೆವು. ಈಗ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಬಹಳ ಒಳ್ಳೆಯದಾಯಿತು. ಆದರೆ ಮಕ್ಕಳೇ, ಹತ್ತನೇ ತರಗತಿ ಮುಗಿದ ದಿನ ಇದೆಲ್ಲ ಒಟ್ಟಿಗೇ ನಿಲ್ಲುತ್ತದೆ. ಮೈ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿಯೇ ನಿಲ್ಲುತ್ತದೆ.

ಎಷ್ಟು ಬೇಕು ಅಂತ ಒಂದು ಲೆಕ್ಕ ಹೇಳುತ್ತೇನೆ, ನಾನು ಇಂಜಿನಿಯರ್ ಆದ್ದರಿಂದ ಲೆಕ್ಕವಿಲ್ಲದೆ ಬಿಡುವವನಲ್ಲ. ಹದಿನಾರರಿಂದ ಹದಿನೆಂಟರ ಹುಡುಗನಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಹೇಳುತ್ತಾರೆ. ಹೊಟ್ಟೆ ತುಂಬ ಮುದ್ದೆ, ಅನ್ನ ಉಂಡರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರುತ್ತದೆ. ಉಳಿದರ್ಧವೇ ರೂಮಿನ ಮಕ್ಕಳಿಗೆ ಸಿಗದೆ ಹೋಗುವುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಒಂದು ಹಿಡಿ, ಅಂದರೆ 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 12 ಗ್ರಾಂ. ಅಷ್ಟೇ ತೂಕದ ಹೆಸರುಕಾಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇವತ್ತಿನ ದರದಲ್ಲಿ ಒಂದು ಮೊಟ್ಟೆ ಏಳು ರೂಪಾಯಿ ಆಸುಪಾಸು. ಬೇಕರಿಯ ಒಂದು ಎಗ್ ಪಫ್ಸಿನ ದುಡ್ಡಿಗೆ ಮೂರು ಮೊಟ್ಟೆ ಬರುತ್ತವೆ, ಪಫ್ಸಿನ ಒಳಗೆ ಇರುವುದು ಅರ್ಧ ಮೊಟ್ಟೆ. ಗೋಬಿ ಮಂಚೂರಿಯನ್ನು ನಾನು ಬೈಯುವುದಿಲ್ಲ, ವಾರಕ್ಕೊಮ್ಮೆ ಗೆಳೆಯರ ಜೊತೆ ತಿನ್ನಿ. ಅದನ್ನೇ ರಾತ್ರಿಯ ಊಟ ಮಾಡಿಕೊಳ್ಳಬೇಡಿ.

ಇನ್ನು ರಾಗಿ. ಪೇಟೆಯಲ್ಲಿ ಈಗ ರಾಗಿ ಬಿಸ್ಕತ್ತನ್ನು ದೊಡ್ಡ ಅಂಗಡಿಯಲ್ಲಿಟ್ಟು ಮಾರುತ್ತಾರೆ. ನಮ್ಮ ಮಕ್ಕಳು ಮಾತ್ರ ರೂಮಿಗೆ ಹೋದ ಮೇಲೆ ರಾಗಿ ತಿನ್ನಲು ನಾಚಿಕೆ ಪಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹೋಲಿಕೆಯೇ ಇಲ್ಲ. ಒಲೆಯೇ ಇಲ್ಲದ ರೂಮಿಗೂ ರಾಗಿ ಹುರಿಹಿಟ್ಟು ಆಗುತ್ತದೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಅಮ್ಮನೋ ಅಜ್ಜಿಯೋ ಮಾಡಿಕೊಟ್ಟ ಹುರಿಹಿಟ್ಟನ್ನು ಒಂದು ಡಬ್ಬಿ ತೆಗೆದುಕೊಂಡು ಹೋಗಿ. ಬೆಳಗ್ಗೆ ಹಾಲಿಗೋ ಮಜ್ಜಿಗೆಗೋ ನಾಲ್ಕು ಚಮಚ ಹಾಕಿ, ಬೇಕಾದರೆ ಬೆಲ್ಲ ಸೇರಿಸಿ ಕಲಸಿದರೆ ಐದು ನಿಮಿಷದಲ್ಲಿ ತಿಂಡಿ ಮುಗಿಯಿತು. ಜೊತೆಗೆ ಒಂದು ಬಾಳೆಹಣ್ಣು. ಹೆಸರುಕಾಳು, ಹುರುಳಿಕಾಳನ್ನು ಬೆಳಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಒಂದು ಕುದಿ ಬೇಯಿಸಿ, ಈರುಳ್ಳಿ ಹೆಚ್ಚಿಹಾಕಿ ನಿಂಬೆಹಣ್ಣು ಹಿಂಡಿ.

ಒಲೆಯಿದ್ದರೆ ಒಂದು ಚಿಕ್ಕ ಕುಕ್ಕರ್ ಸಾಕು. ಅಕ್ಕಿ, ತೊಗರಿಬೇಳೆ, ಕೈಗೆ ಸಿಕ್ಕ ತರಕಾರಿ, ಒಂದು ಹಿಡಿ ಸೊಪ್ಪು, ಉಪ್ಪು, ಅರಿಶಿನ, ಮನೆಯಿಂದ ತಂದ ಸಾರಿನ ಪುಡಿ. ಮೂರು ವಿಷಲ್. ಪಾತ್ರೆ ತೊಳೆಯುವುದೂ ಒಂದೇ. ನಮ್ಮಮ್ಮ ನನಗೆ ಇದನ್ನೂ ಮುದ್ದೆ ತೊಳಸುವುದನ್ನೂ ಕಲಿಸಿಯೇ ಕಳಿಸಿದ್ದರು. ಆಗ ಬೀದಿಯಲ್ಲಿ ಒಂದಿಬ್ಬರು ನಕ್ಕಿದ್ದರು, "ಗಂಡು ಹುಡುಗನ ಕೈಗೆ ಮುದ್ದೆ ಕೋಲು ಕೊಟ್ಟಿದ್ದಾಳೆ" ಅಂತ. ಗೆಳೆಯ ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ರೂಮಿನಲ್ಲಿ ಮೂವರಿಗೂ ಸೇರಿ ಅಡುಗೆ ಶುರುವಾದದ್ದು ಆ ಕೋಲಿನಿಂದಲೇ. ತಿಂಗಳ ಖರ್ಚು ಏರಲಿಲ್ಲ. ಹೋಟೆಲಿನ ಟೀ, ಬನ್ನು ನಿಂತಿದ್ದರಿಂದ ಸ್ವಲ್ಪ ಇಳಿಯಿತು.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಗಂಡಸರೂ ಕೇಳಿಸಿಕೊಳ್ಳಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅಂದರೆ ಈ ಎಡಗಡೆ ಸಾಲಿನಲ್ಲಿ ಹತ್ತು ಹುಡುಗಿಯರು ಕೂತಿದ್ದರೆ ಅವರಲ್ಲಿ ಐದಾರು ಜನ. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮಸುಮ್ಮನೆ ಸುಸ್ತು, ತಲೆ ಸುತ್ತು ಇದ್ದರೆ ಸೋಮಾರಿತನ ಅಂತ ಬೈಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ, ಹುಡುಗಿಯರಿಗೆ ಅದು 12ಕ್ಕಿಂತ ಕಡಿಮೆ ಇರಬಾರದು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುವ ಚಾಳಿ ನಮ್ಮ ಮಕ್ಕಳಿಗೂ ಇದೆ ಅಂತ ಮೇಡಂ ಹೇಳಿದರು. ದಯವಿಟ್ಟು ಊಟದ ಮೇಲೆ ನುಂಗಿ. ಸೊಪ್ಪು, ಕಾಳು ತಿಂದ ಹಿಂದೆಯೇ ಟೀ ಕುಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ತಡೆಯಿರಿ. ನಿಂಬೆಹಣ್ಣು, ಸೀಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಇನ್ನೊಂದು, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದನ್ನು ಕಲಿತ ಹುಡುಗಿ ಹಾಸ್ಟೆಲಿನಲ್ಲೂ ಕೊನೆಗೇ ತಟ್ಟೆ ಹಿಡಿಯುತ್ತಾಳೆ. ಈ ಪಾಠ ಕಲಿಸಿದವರು ನಾವೇ.

ವ್ಯಾಯಾಮದ ವಿಷಯಕ್ಕೆ ಬಂದರೆ, ನಮಗೆ ಆ ಹೆಸರೇ ಬೇಕಿರಲಿಲ್ಲ. ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುವುದು, ವಾಪಸ್ಸು ಹೋಗಿ ದನಕ್ಕೆ ಮೇವು ಹಾಕುವುದು, ಭಾನುವಾರ ಹೊಲ. ಪಿ.ಟಿ. ಮೇಷ್ಟ್ರು ಖೋ-ಖೋ ಆಡಿಸಿ ಉಳಿದ ಶಕ್ತಿಯನ್ನೂ ತೆಗೆಯುತ್ತಿದ್ದರು. ಊರು ಬಿಟ್ಟ ತಿಂಗಳಲ್ಲೇ ಇದೆಲ್ಲ ಹೋಗಿ, ಬೆಂಚು, ಬಸ್ಸು, ಮಂಚ, ಮೊಬೈಲು ಉಳಿಯುತ್ತವೆ. ಹದಿನೇಳು ವರ್ಷದವರೆಗೆ ದಿನಕ್ಕೆ ಒಂದು ಗಂಟೆ, ಆಮೇಲೆ ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಮೈ ಬೆವರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರನ್ನು ನನ್ನ ಆಫೀಸಿನಲ್ಲೇ ನೋಡುತ್ತಿದ್ದೇನೆ. ಒಂದು ಸ್ಕಿಪ್ಪಿಂಗ್ ಹಗ್ಗ ಕೊಂಡುಕೊಳ್ಳಿ. ದಂಡೆ, ಬಸ್ಕಿ ನಮ್ಮ ಗರಡಿಮನೆಯವು, ಅದಕ್ಕೆ ರೂಮಿನಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು. ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆಯಿರಿ. ಪೊಲೀಸ್, ಸೈನ್ಯದ ಕನಸಿರುವ ಹುಡುಗರು ಅರ್ಜಿ ಕರೆದ ಮೇಲೆ 1600 ಮೀಟರ್ ಓಡಲು ಶುರುಮಾಡಿ, ಹದಿನೈದು ದಿನಕ್ಕೆ ಮೊಣಕಾಲಿನ ಕೆಳಗೆ ನೋವು ಅಂತ ಕುಂಟುತ್ತಾರೆ. ಒಂದು ವರ್ಷ ಮೊದಲೇ, ನಿಧಾನವಾಗಿ ಆರಂಭಿಸಿ. ಜಿಮ್ಮಿಗೆ ಹೋಗುವವರು ಹೋಗಿ, ಆದರೆ ಅಲ್ಲಿ ಡಬ್ಬಿಯ ಪುಡಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಮೇಲಿನ ಮೊಟ್ಟೆ, ಕಡಲೆಕಾಯಿಯ ಲೆಕ್ಕ ನೆನಪಿರಲಿ. ಬೇಗ ಮೈ ಬರುತ್ತದೆ ಅಂತ ಯಾರಾದರೂ ಇಂಜೆಕ್ಷನ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ನಿದ್ದೆಯ ಬಗ್ಗೆ ಒಂದೇ ಮಾತು: ರಾತ್ರಿ ಎರಡರವರೆಗೆ ಟೀ ಕುಡಿದು ಓದಿದವರಿಗಿಂತ ಹತ್ತೂವರೆಗೆ ಮಲಗಿ ಐದಕ್ಕೆ ಎದ್ದವರು ಹೆಚ್ಚು ಓದಿದ್ದನ್ನು ನಾನು ನೋಡಿದ್ದೇನೆ.

ತಂದೆತಾಯಿಯರಲ್ಲಿ ಒಂದು ವಿನಂತಿ. ಫೋನಿನಲ್ಲಿ "ಊಟ ಆಯ್ತಾ?" ಅಂತ ಕೇಳುತ್ತೀರಿ. ಅದಕ್ಕೆ "ಆಯ್ತು" ಅಂತ ಬಿಟ್ಟರೆ ಬೇರೆ ಉತ್ತರವನ್ನು ಯಾವ ಮಗುವೂ ಕೊಡುವುದಿಲ್ಲ. ನನ್ನ ಗೆಳೆಯನೂ ವಾರವಾರ ಎಸ್‌ಟಿಡಿ ಬೂತಿನಿಂದ "ಆಯ್ತವ್ವ" ಅಂತಲೇ ಹೇಳುತ್ತಿದ್ದ. "ಏನು ಮಾಡಿದ್ದೆ? ಬೆಳಗ್ಗೆ ಏನು ತಿಂದೆ?" ಅಂತ ಕೇಳಿ ನೋಡಿ. ದುಡ್ಡು ಸಾಲುತ್ತಿಲ್ಲ ಅನ್ನುವುದು ಆಗಲಾದರೂ ಹೊರಗೆ ಬರುತ್ತದೆ.

ನಮ್ಮ ಬ್ಯಾಚಿನವರು ಸೇರಿ ಒಂದು ಏರ್ಪಾಡು ಮಾಡಿದ್ದೇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮುಂದಿನ ವಾರ, ಎರಡು ದಿನ, ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಊರು ಬಿಡುವ ಮಕ್ಕಳಿಗೆ ಅಡುಗೆ ಕಲಿಸುವುದು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಮುಖ್ಯ ಅಡುಗೆಯ ಅಕ್ಕ ನನಗಿಂತ ಮೊದಲೇ ಒಪ್ಪಿದರು. ದಿನಸಿ, ಗ್ಯಾಸಿನ ಖರ್ಚು ನಮ್ಮದು. ಬಂದವರಿಗೆಲ್ಲ ಒಂದು ಕಿಲೋ ಹುರಿಹಿಟ್ಟು, ಒಂದು ಸ್ಕಿಪ್ಪಿಂಗ್ ಹಗ್ಗ ಕೊಟ್ಟು ಕಳಿಸುತ್ತೇವೆ. ಹೆಸರು ಬರೆಸುವ ಪುಸ್ತಕ ಪಿ.ಟಿ. ಮೇಷ್ಟ್ರ ಹತ್ತಿರ ಇದೆ. ಬೆಳಗ್ಗೆಯಿಂದ ಹನ್ನೊಂದು ಹುಡುಗಿಯರು ಬರೆಸಿದ್ದಾರೆ, ಹುಡುಗರು ಇನ್ನೂ ಇಬ್ಬರೇ. ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ಹುಡುಗರು ಆ ಕಡೆ ಒಂದು ಸಲ ಹೋಗಿ ಬನ್ನಿ.