ಕಾಲಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ
(ಶ್ರೀಮಠದ ಸುವರ್ಣ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಉತ್ಸವದ ಸಂಭ್ರಮದಲ್ಲಿ ರೋಗದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಅನ್ನದಾನ, ವಿದ್ಯಾದಾನಗಳನ್ನು ಪೂಜೆಯಷ್ಟೇ ಪವಿತ್ರವೆಂದು ಬಗೆದ ಮಠದ ಅಂಗಳದಲ್ಲಿ ಆರೋಗ್ಯದ ವಿಚಾರವು ಅಪ್ರಸ್ತುತವಾಗಲಾರದು. ದೇಹವನ್ನು ದೇವಾಲಯಕ್ಕೂ ಕಾಲುಗಳನ್ನು ಅದರ ಕಂಬಗಳಿಗೂ ಹೋಲಿಸಿದ ಬಸವಣ್ಣನವರ ವಚನವನ್ನು ಬಲ್ಲ ಸಭೆಯಿದು. ಆ ಕಂಬಗಳೊಳಗೆ ಸದ್ದಿಲ್ಲದೆ ಹುಟ್ಟಿ, ಕೆಲವು ವೇಳೆ ಗಳಿಗೆಮಾತ್ರದಲ್ಲಿ ದೇವಾಲಯವನ್ನೇ ಕೆಡಹುವ ವ್ಯಾಧಿಯೊಂದುಂಟು. ವೈದ್ಯರು ಅದನ್ನು ಡೀಪ್ ವೆಯ್ನ್ ಥ್ರಾಂಬೋಸಿಸ್ ಎನ್ನುವರು. ಕಾಲಿನ ಆಳದ ಸಿರೆಗಳಲ್ಲಿ ರಕ್ತವು ಹೆಪ್ಪುಗಟ್ಟುವುದೆಂದು ಅದರ ಅರ್ಥ. ಆ ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಹೃದಯದಿಂದ ಹೊರಟ ರಕ್ತವು ಧಮನಿಗಳ ಮೂಲಕ ಅಂಗಾಂಗಗಳಿಗೆ ಹೋಗಿ, ಸಿರೆಗಳ ಮೂಲಕ ಹೃದಯಕ್ಕೆ ಮರಳುವುದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಪಡಿಸಿದನು. ಪಾದದವರೆಗೆ ಇಳಿದ ರಕ್ತವು ಎದೆಯವರೆಗೆ ಮೇಲೇರುವ ಬಗೆ ಹೇಗೆ? ಸಿರೆಗಳೊಳಗೆ ಅಲ್ಲಲ್ಲಿ ಚಿಕ್ಕ ಕವಾಟಗಳಿವೆ. ಅವು ರಕ್ತವನ್ನು ಮೇಲಕ್ಕೆ ಬಿಡುವುವು, ಕೆಳಕ್ಕೆ ಬಿಡವು. ಹಾರ್ವೆಯ ಗುರುವಾದ ಪಾದುವಾ ನಗರದ ಫಾಬ್ರಿಸಿಯಸನು ೧೬೦೩ರಲ್ಲಿ ಈ ಕವಾಟಗಳನ್ನು ವರ್ಣಿಸಿದ್ದನು. ಇವುಗಳ ಜೊತೆಗೆ ಮೀನಖಂಡದ ಸ್ನಾಯುಗಳು ನಾವು ಇಡುವ ಒಂದೊಂದು ಹೆಜ್ಜೆಗೂ ಸಿರೆಗಳನ್ನು ಹಿಂಡಿ, ಏತದಂತೆ ರಕ್ತವನ್ನು ಎತ್ತಿ ಕಳುಹುವುವು. ನಡೆಯುವವನಲ್ಲಿ ಈ ಏತವು ತಾನಾಗಿಯೇ ಸಾಗುವುದು; ಹಾಸಿಗೆ ಹಿಡಿದವನಲ್ಲಿ ಅದು ನಿಲ್ಲುವುದು.

ಬೆರಳು ಕೊಯ್ದಾಗ ರಕ್ತವು ಹೆಪ್ಪುಗಟ್ಟದಿದ್ದರೆ ನಾವು ಬದುಕಲಾರೆವು. ಅದೇ ಗುಣವು ಸಿರೆಯೊಳಗೆ ಅಕಾಲದಲ್ಲಿ ಪ್ರಕಟವಾದರೆ ಅದೇ ರೋಗ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋನು ೧೮೫೬ರಲ್ಲಿ ಪ್ರಕಟಿಸಿದ ಗ್ರಂಥದ ವಿಚಾರಗಳನ್ನು ಆಧರಿಸಿ ಇದಕ್ಕೆ ಮೂರು ಕಾರಣಗಳನ್ನು ಹೇಳುವ ವಾಡಿಕೆಯುಂಟು: ರಕ್ತದ ಓಟವು ಮಂದವಾಗುವುದು, ಸಿರೆಯ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಾಗಿ ತಾಳುವುದು. ಕಾಲಿನಲ್ಲಿ ಹುಟ್ಟಿದ ಗರಣೆಯ ತುಣುಕು ಕಳಚಿಕೊಂಡು, ರಕ್ತದೊಡನೆ ತೇಲಿ, ಹೃದಯವನ್ನು ಹಾಯ್ದು ಫುಪ್ಫುಸದ ಧಮನಿಯಲ್ಲಿ ಸಿಕ್ಕಿಕೊಳ್ಳುವುದೆಂಬುದನ್ನು ತಿಳಿಯಪಡಿಸಿದವನೂ ಅವನೇ. ಕಾಲಿನ ರೋಗವು ಪ್ರಾಣದ ರೋಗವಾಗುವುದು ಹೀಗೆ. ಅವನ ಜನ್ಮದಿನವಾದ ಅಕ್ಟೋಬರ್ ೧೩ನ್ನು ೨೦೧೪ರಿಂದ ಜಗತ್ತಿನಾದ್ಯಂತ ಈ ರೋಗದ ಅರಿವಿನ ದಿನವಾಗಿ ಆಚರಿಸುತ್ತಿರುವರು.

ನಿಶ್ಚಲತೆಯ ಅಪಾಯಕ್ಕೆ ಒಂದು ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರಲ್ಲಿ, ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ಆಶ್ರಯಸ್ಥಾನಗಳಲ್ಲಿ ರಾತ್ರಿಯಿಡೀ ಕುರ್ಚಿಗಳಲ್ಲಿ ಕುಳಿತೇ ಕಳೆಯುತ್ತಿದ್ದರು. ಬಾಂಬು ತಗಲದ ಕೆಲವರೂ ಹಠಾತ್ತಾಗಿ ಸತ್ತರು. ಕೀತ್ ಸಿಂಪ್ಸನ್ ಎಂಬ ವೈದ್ಯನು ಶವಗಳನ್ನು ಪರೀಕ್ಷಿಸಿ, ಫುಪ್ಫುಸದಲ್ಲಿ ಸಿಕ್ಕಿದ ರಕ್ತದ ಗರಣೆಯೇ ಕಾರಣವೆಂದು ಅದೇ ವರ್ಷ ಬರೆದನು. ಕುರ್ಚಿಯ ಮುಂಭಾಗದ ಅಡ್ಡಪಟ್ಟಿಯು ತೊಡೆಯ ಹಿಂಬದಿಯನ್ನು ಒತ್ತಿ ಸಿರೆಗಳ ಓಟವನ್ನು ತಡೆದಿತ್ತು.

ಹಾಗಾದರೆ ಈ ರೋಗವು ಯಾರಿಗೆ ಬರುವುದು? ದೊಡ್ಡ ಶಸ್ತ್ರಚಿಕಿತ್ಸೆಯಾದವರು, ತೊಡೆಯ ಅಥವಾ ಸೊಂಟದ ಮೂಳೆ ಮುರಿದು ಮಲಗಿದ ವೃದ್ಧರು, ಅರ್ಬುದ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ಹಿಂದೊಮ್ಮೆ ಈ ರೋಗಕ್ಕೆ ಈಡಾದವರು, ಮನೆತನದಲ್ಲಿ ಇದನ್ನು ಕಂಡವರು, ಅತಿಸ್ಥೂಲ ಶರೀರದವರು, ಬಹುತಾಸುಗಳ ಪ್ರಯಾಣದಲ್ಲಿ ಕಾಲಾಡಿಸದೆ ಕುಳಿತವರು—ಇವರೆಲ್ಲರೂ ಎಚ್ಚರದಿಂದಿರತಕ್ಕದ್ದು.

ಇನ್ನು ಗುರುತುಗಳು. ಸಾಮಾನ್ಯವಾಗಿ ಒಂದೇ ಕಾಲು ಬಾತುಕೊಳ್ಳುವುದು. ಮೀನಖಂಡದಲ್ಲಿ ಅಥವಾ ತೊಡೆಯಲ್ಲಿ ಬಿಗಿತ, ನೋವು, ಮುಟ್ಟಿದರೆ ಬೆಚ್ಚಗೆ, ಚರ್ಮವು ಕೆಂಪಗೆ ಅಥವಾ ಕಪ್ಪಗೆ ತೋರುವುದು. ನಮ್ಮವರ ಶ್ಯಾಮಲವರ್ಣದಲ್ಲಿ ಕೆಂಪು ಎದ್ದು ಕಾಣದು. ಆದುದರಿಂದ ಬಣ್ಣಕ್ಕಿಂತ ಬಾವನ್ನೇ ನೋಡಬೇಕು. ಒಂದು ನೂಲಿನಿಂದ ಎರಡು ಮೀನಖಂಡಗಳನ್ನೂ ಒಂದೇ ಎತ್ತರದಲ್ಲಿ ಅಳೆಯಿರಿ. ೩ ಸೆಂಟಿಮೀಟರಿಗೂ ಮೀರಿದ ವ್ಯತ್ಯಾಸವನ್ನು ವೈದ್ಯರು ಮುಖ್ಯ ಗುರುತಾಗಿ ಎಣಿಸುವರು. ಆನೆಕಾಲು ರೋಗದ ಬಾವು ಬಹುಕಾಲದಿಂದ ಮೆಲ್ಲಮೆಲ್ಲನೆ ಬೆಳೆದುದು. ಇದಾದರೋ ಹಲವೊಮ್ಮೆ ಒಂದೆರಡು ದಿನಗಳಲ್ಲಿಯೇ ಬಂದುದು. ಆದರೆ ಉಳುಕು, ಚರ್ಮದ ಸೋಂಕು ಮೊದಲಾದುವೂ ಹೀಗೆಯೇ ತೋರಬಹುದಾದುದರಿಂದ ಕಣ್ಣಂದಾಜಿನಿಂದ ನಿರ್ಣಯಿಸಲಾಗದು. ಕೆಲವರಲ್ಲಿ ಕಾಲಿನ ಗುರುತೇ ಇರದು. ಒಮ್ಮೆಗೇ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚು, ಕಫದಲ್ಲಿ ರಕ್ತ, ಮೂರ್ಛೆ—ಇವು ಗರಣೆಯು ಫುಪ್ಫುಸವನ್ನು ಸೇರಿದುದರ ಲಕ್ಷಣಗಳಾಗಿರಬಹುದು. ಆಗ ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ನಾನು ಮುಖ್ಯವಾಗಿ ಬಿನ್ನವಿಸಬೇಕೆಂದಿರುವ ಮಾತು ಇದು. ನಮ್ಮ ಮನೆಗಳಲ್ಲಿ ಕಾಲು ಬಾತರೆ ವಾಯುವೆಂದೋ ಉಳುಕೆಂದೋ ತಿಳಿದು, ಬಿಸಿಯೆಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವ ಪದ್ಧತಿಯುಂಟು. ಒಂದೇ ಕಾಲು ಹಠಾತ್ತಾಗಿ ಬಾತಿದ್ದರೆ ಎಂದಿಗೂ ತಿಕ್ಕಬೇಡಿರಿ. ತಿಕ್ಕಿದರೆ ಗರಣೆಯ ತುಣುಕು ಕಳಚುವ ಭಯವುಂಟು. ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು; ಅಮಾವಾಸ್ಯೆ ಕಳೆಯಲಿ, ಜಾತ್ರೆ ಮುಗಿಯಲಿ ಎಂದು ಕಾಯಬಾರದು.

ತಾಯಂದಿರಿಗೆ ಇನ್ನೆರಡು ಮಾತು. ಹೆರಿಗೆಯ ರಕ್ತಸ್ರಾವದಿಂದ ತಾಯಿಯನ್ನು ಕಾಪಾಡಲೆಂದು ಪ್ರಕೃತಿಯು ಗರ್ಭಿಣಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುವುದು. ಹೆರಿಗೆಯಾದ ಮೇಲಿನ ೬ ವಾರಗಳಲ್ಲಿ ಅಪಾಯವು ಅತ್ಯಧಿಕ. ಆ ಕಾಲದಲ್ಲಿಯೇ ಕೆಲವು ಮನೆಗಳಲ್ಲಿ ಬಾಣಂತಿಯನ್ನು ಕತ್ತಲೆಯ ಕೋಣೆಯಲ್ಲಿ ಮಲಗಿಸಿ, ಕೆಂಡದ ಶಾಖ ಕೊಟ್ಟು, ಕುಡಿಯುವ ನೀರನ್ನು ಬಿಗಿಹಿಡಿಯುವರು. ಓಟ ಮಂದವಾದ ರಕ್ತವು ನೀರಿಲ್ಲದೆ ಗಟ್ಟಿಯಾಗುವುದು. ಹೆಪ್ಪು ಕಾಲಿನಲ್ಲಿಯೇ ಅಲ್ಲ, ಮೆದುಳಿನ ಸಿರೆಗಳಲ್ಲಿಯೂ ಆಗಬಹುದು. ಬಾಣಂತಿಗೆ ತೀವ್ರವಾದ ತಲೆನೋವು, ಸೆಳವು ಬಂದರೆ ಅದನ್ನು ಗ್ರಹಚಾರವೆನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಣಂತಿಗೆ ಬೇಕಾದಷ್ಟು ನೀರು ಕೊಡಿರಿ. ವೈದ್ಯರ ಅನುಮತಿಯಂತೆ ಬೇಗನೆ ನಡೆದಾಡಿಸಿರಿ.

ಇನ್ನೊಂದು, ಹಬ್ಬ-ಜಾತ್ರೆಗಳಿಗಾಗಿ ಮುಟ್ಟನ್ನು ಮುಂದೂಡುವ ಗುಳಿಗೆಗಳ ವಿಷಯ. ನೋರೆಥಿಸ್ಟಿರೋನ್ ಎಂಬ ಗುಳಿಗೆಯ ಸ್ವಲ್ಪ ಭಾಗವು ಶರೀರದಲ್ಲಿ ರಕ್ತದ ಹೆಪ್ಪನ್ನು ಪ್ರೇರಿಸುವ ಈಸ್ಟ್ರೋಜೆನ್ ರಸವಾಗಿ ಮಾರ್ಪಡುವುದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವುದು ಅಪಾಯಕರ. ಅದಕ್ಕೂ ಮಿಗಿಲಾಗಿ ಕೇಳುವೆನು: ಜನನಸೂತಕ, ರಜಸ್ಸೂತಕಗಳೂ ಸೇರಿದ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೊಡೆದುಹಾಕಿದರು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದ ಹೆಣ್ಣುಮಗಳು ಇಲ್ಲದ ಮೈಲಿಗೆಗೆ ಅಂಜಿ ಪ್ರಾಣಾಪಾಯವನ್ನು ಏಕೆ ತಂದುಕೊಳ್ಳಬೇಕು?

ರೋಗವು ಭಯಂಕರವಾದರೂ ಅಸಾಧ್ಯವಲ್ಲ. ಧ್ವನಿತರಂಗಗಳ ಯಂತ್ರದಿಂದ ಸಿರೆಯೊಳಗಿನ ಗರಣೆಯನ್ನು ನೋವಿಲ್ಲದೆ ಕಾಣಬಹುದು. ೧೯೧೬ರಲ್ಲಿ ಅಮೇರಿಕೆಯಲ್ಲಿ ಹೆಪಾರಿನ್ ಎಂಬ ಔಷಧದ ಶೋಧಕ್ಕೆ ಮೊದಲಾಯಿತು. ಮುಗ್ಗಿದ ಮೇವನ್ನು ತಿಂದು ರಕ್ತಸ್ರಾವದಿಂದ ಸಾಯುತ್ತಿದ್ದ ದನಗಳ ಪರಿಶೀಲನೆಯಿಂದ ಹುಟ್ಟಿದ ವಾರ್ಫರಿನ್ ಎಂಬ ವಸ್ತುವು ೧೯೪೮ರಲ್ಲಿ ಇಲಿಯ ಪಾಷಾಣವಾಗಿ ಮಾರಾಟಕ್ಕೆ ಬಂದು, ೧೯೫೪ರಿಂದ ಮನುಷ್ಯರಿಗೆ ಔಷಧವಾಯಿತು. ೧೯೬೦ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಫುಪ್ಫುಸಕ್ಕೆ ಗರಣೆ ಸೇರಿದವರ ಪೈಕಿ ಔಷಧವಿಲ್ಲದ ೧೯ ಮಂದಿಯಲ್ಲಿ ೫ ಮಂದಿ ಆ ರೋಗದಿಂದಲೇ ಸತ್ತರು. ಔಷಧ ಪಡೆದ ೧೬ ಮಂದಿಯಲ್ಲಿ ಆ ರೋಗದಿಂದ ಸತ್ತವರು ಒಬ್ಬರೂ ಇಲ್ಲ. ಈಗ ಇನ್ನೂ ಸುಲಭವಾದ ಗುಳಿಗೆಗಳಿವೆ. ಔಷಧವು ಹೆಪ್ಪು ಬೆಳೆಯದಂತೆ ತಡೆಯುವುದು; ಆದ ಹೆಪ್ಪನ್ನು ಶರೀರವೇ ಮೆಲ್ಲನೆ ಕರಗಿಸಿಕೊಳ್ಳುವುದು. ಕಾರಣ, ಬಾವು ಇಳಿಯಿತೆಂದು ನಡುವೆ ಬಿಡಬಾರದು; ಸಾಧಾರಣವಾಗಿ ಕನಿಷ್ಠ ೩ ತಿಂಗಳು ಸೇವಿಸಬೇಕು. ರಕ್ತಸ್ರಾವ ಕಂಡರೆ ತಿಳಿಸಬೇಕು. ನೋವಿನ ಗುಳಿಗೆಗಳನ್ನು ತಾನಾಗಿ ನುಂಗಬಾರದು.

ಸ್ಥಾವರ-ಜಂಗಮಗಳ ಭೇದವನ್ನು ನಮಗೆ ಶರಣರು ಕಲಿಸಿರುವರು. ಶರೀರದಲ್ಲಿ ರಕ್ತವೇ ಜಂಗಮ. ಅದು ಸಂಚರಿಸುತ್ತಿರುವವರೆಗೆ ಜೀವ. ಕಾಯಕನಿಷ್ಠನ ಕಾಲುಗಳು ಆ ಸಂಚಾರಕ್ಕೆ ನೆರವಾಗುವುವು. ದೀರ್ಘಪ್ರಯಾಣದಲ್ಲಿ ಆಗಾಗ ಎದ್ದು ನಡೆಯಿರಿ. ಕುಳಿತಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿರಿ. ಹಾಸಿಗೆ ಹಿಡಿದ ಹಿರಿಯರ ಕಾಲುಗಳನ್ನು ದಿನಕ್ಕೊಮ್ಮೆ ನೋಡಿರಿ. ಇಲ್ಲಿಂದ ಮನೆಗೆ ಮರಳಿದ ಮೇಲೆ ಒಂದು ಬಾತ ಕಾಲನ್ನು ತಿಕ್ಕದೆ, ಅದೇ ದಿನ ವೈದ್ಯರ ಬಳಿಗೆ ಕಳುಹಿದರೂ ಈ ಭಾಷಣವು ಸಾರ್ಥಕವಾಯಿತೆಂದು ಭಾವಿಸುವೆನು.