ಬೆಟ್ಟದ ಮನೆಯ ಹಿಟ್ಟಿನ ಮಡಕೆ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮೈಸೂರಿನ ರಾಮಕೃಷ್ಣನಗರದವರು. ನಮ್ಮಲ್ಲಿ ರಾಗಿಹಿಟ್ಟು ಮುಗಿದರೆ ಮಗುವಿನ ಕೈಗೆ ಚೀಲ ಕೊಟ್ಟು ಅಂಗಡಿಗೆ ಕಳಿಸುತ್ತೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ ಮುಗಿದರೆ ಏನ್ ಮಾಡ್ತಾರೆ? ಬೆಟ್ಟದ ಬುಡದಲ್ಲಿರುವ ನಿಮ್ಮ ಸಂಘದ ಮುಂದೆ ಈ ಪ್ರಶ್ನೆ ಇಡಬೇಕೆಂದೇ ಬಂದಿದ್ದೇವೆ.

ಒಲೆಗೆ ಮೂರು ಕಲ್ಲು ಇರುವಂತೆ ಬೆಟ್ಟದ ಮನೆಯ ಊಟಕ್ಕೂ ಮೂರು ಆಸರೆ: ಹೊಲ, ಕಾಡು, ಕೂಲಿ-ರೇಷನ್ನು.

ಮೊದಲು ಹೊಲ. ಹಿಂದೆ ಸೋಲಿಗರು ಕಾಡಿನ ಒಂದು ತುಂಡು ಸವರಿ ರಾಗಿ, ಅವರೆ, ಸಾಸಿವೆ, ಕುಂಬಳ ಒಟ್ಟಿಗೆ ಬೆಳೆದು, ಕೆಲವು ವರ್ಷದ ಮೇಲೆ ಜಾಗ ಬದಲಿಸುತ್ತಿದ್ದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಆ ಬೇಸಾಯ ನಿಂತಿತು. ಈಗ ಉಳಿದಿರುವುದು ಮನೆಯ ಹತ್ತಿರದ ತುಂಡು ಹೊಲ. ತೆನೆ ಕಟ್ಟುವ ಹೊತ್ತಿಗೆ ಆನೆ, ಹಂದಿ ಬರುತ್ತವೆ. ಒಂದು ರಾತ್ರಿ ಕಾವಲು ತಪ್ಪಿದರೆ ವರ್ಷದ ಹಿಟ್ಟು ಹೋಯ್ತು. ಕಾಫಿ ಹಾಕಿದವರಿಗೆ ದುಡ್ಡು ಬರುತ್ತೆ, ನಿಜ. ಆದರೆ ಕಾಫಿ ಬೀಜ ಹೊಟ್ಟೆ ತುಂಬಿಸಲ್ಲ.

ಎರಡನೆಯದು ಕಾಡು. ಗೆಡ್ಡೆ, ಸೊಪ್ಪು, ಜೇನು ಮನೆಗಾದರೆ, ನೆಲ್ಲಿಕಾಯಿ, ಪಾಸಿ, ಸೀಗೆ ಮಾರಾಟಕ್ಕೆ. 2002ರಲ್ಲಿ ವನ್ಯಜೀವಿ ಕಾಯಿದೆ ತಿದ್ದುಪಡಿಯಾದ ಮೇಲೆ ಮಾರಾಟಕ್ಕೆ ತಡೆ ಬಿತ್ತು, ಕೈಗೆ ಬರುವ ಕಾಸೂ ನಿಂತಿತು. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅನೇಕ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹಕ್ಕು ಬಂತು, ಆದರೆ ಕಾಡಿನ ತಳದ ಬಹುಭಾಗವನ್ನು ಲಂಟಾನ ಮುಚ್ಚಿಕೊಂಡಿದೆ.

ಮೂರನೆಯದು ರೇಷನ್ನು. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯ. ಇದು ದೊಡ್ಡ ಆಸರೆ, ಇಲ್ಲವೆನ್ನುವಂತಿಲ್ಲ. ಆದರೆ ಮನೆಯಲ್ಲಿ ಆರು ಜನರಿದ್ದರೆ ಲೆಕ್ಕ ಹಾಕಿ ನೋಡಿ: ತಲೆಗೆ ದಿನಕ್ಕೆ 200 ಗ್ರಾಮೂ ಆಗದು. ಬೇಳೆ, ಎಣ್ಣೆ, ಸೊಪ್ಪು ಬೇರೆ ಬೇಕು. ಕೂಲಿ ಬಿಟ್ಟು, ದಾರಿ ನಡೆದು ತರುವ ಖರ್ಚನ್ನಂತೂ ಯಾರೂ ಬರೆದಿಡುವುದಿಲ್ಲ.

ಈ ಮೂರೂ ಒಟ್ಟಿಗೆ ಸಡಿಲವಾಗುವುದು ಮಳೆಗಾಲದಲ್ಲಿ. ಹಳೇ ರಾಗಿ ಮುಗಿದಿರುತ್ತೆ, ಹೊಸದಕ್ಕೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು, ಕೂಲಿ ಕಮ್ಮಿ, ದಾರಿಯೆಲ್ಲ ಕೆಸರು. ಆಗ ಮುಂದಿನ ಬೆಳೆ ತೋರಿಸಿ ಸಾಲ ಎತ್ತುತ್ತಾರೆ. ಸುಗ್ಗಿಯಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟು ತೀರಿಸುತ್ತಾರೆ. ಮನೆಯಲ್ಲಿ ಕೊನೆಗೆ ಉಣ್ಣುವವಳು ತಾಯಿ. ಮಡಕೆ ಬರಿದಾದದ್ದು ಮೊದಲು ಗೊತ್ತಾಗುವುದು ಅವಳಿಗೇ.

ಇಲ್ಲಿಯೇ ಸಹಕಾರದ ಕೆಲಸವಿದೆ. ಗಿರಿಜನರ ಲ್ಯಾಂಪ್ಸ್ ಸಂಘಗಳ ಕೆಲಸಗಳಲ್ಲಿ ಕಾಡಿನ ಉತ್ಪನ್ನ ಕೊಳ್ಳುವುದೂ ಒಂದು. ನಿಮ್ಮ ಸಂಘವೂ ಈ ವರ್ಷ ಮೂರು ಕೆಲಸ ಹಿಡಿಯಲಿ ಎಂದು ಕೇಳಿಕೊಳ್ಳುತ್ತೇವೆ. ಸುಗ್ಗಿಯಲ್ಲಿ ನ್ಯಾಯದ ಬೆಲೆಗೆ ರಾಗಿ ಕೊಂಡು ಗೋದಾಮಿನಲ್ಲಿಟ್ಟು, ಆಷಾಢದಲ್ಲಿ ಬಡ್ಡಿಯಿಲ್ಲದೆ ಕಡ ಕೊಡಿ. ರಾಗಿಗೆ ರಾಗಿಯೇ ವಾಪಸು ಬರಲಿ. ಅವರೆ, ಸಾಸಿವೆಯ ನಾಟಿ ಬೀಜ ಕಾಪಾಡಿ. ಬೆಟ್ಟದ ಹೆಣ್ಣುಮಕ್ಕಳನ್ನು ಅವರ ಹೆಸರಿನಲ್ಲೇ ಸದಸ್ಯರನ್ನಾಗಿ ಮಾಡಿಕೊಳ್ಳಿ.

ಇಪ್ಪತ್ತೈದು ವರ್ಷ ಲೆಕ್ಕಪುಸ್ತಕ ಬರೆದಿದ್ದೀರಿ. ಬೆಟ್ಟದ ಮನೆಗಳಲ್ಲಿ ಯಾವ ತಿಂಗಳು ಎಷ್ಟು ಮಡಕೆ ಬರಿದಾಗಿದ್ದವು ಎಂಬುದಕ್ಕೂ ಅದರಲ್ಲಿ ಒಂದು ಪುಟ ಇಡಿ. ಆ ಪುಟ ಖಾಲಿಯಾಗಿ ಉಳಿದ ವರ್ಷ ನಮ್ಮನ್ನು ಮತ್ತೆ ಕರೆಯಿರಿ, ಹಬ್ಬದೂಟಕ್ಕೆ ಬರುತ್ತೇವೆ.